ಹಬ್ಬದ ಲೆಕ್ಕದ ಜೊತೆ ಶಾಲೆಯ ಲೆಕ್ಕವನ್ನೂ ಓದಿಸಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಹೋದ ಸಲದ ಊರಹಬ್ಬದಲ್ಲಿ, ತೇರಿನ ಪಕ್ಕ ಹಾಕಿದ್ದ ವೇದಿಕೆಯ ಮೇಲೆ ನಿಂತು ಊರಬಾಗಿಲಿಗೆ ಸ್ವಾಗತ ಕಮಾನು ಕಟ್ಟಿಸಿಕೊಡುವುದಾಗಿ ಮಾತು ಕೊಟ್ಟಿರಿ. ಚಪ್ಪಾಳೆ ಬಿತ್ತು. ಆ ರಾತ್ರಿ ಮನೆಗೆ ಬಂದು ಹಬ್ಬದ ಲೆಕ್ಕದ ಪುಸ್ತಕ ತೆಗೆದು ಕೂತೆ. ಕಮಾನು ಮಾತ್ರ ತಲೆಯಿಂದ ಹೋಗಲೇ ಇಲ್ಲ. ಅದಕ್ಕೇ ಈ ಪತ್ರ.

ತುಮಕೂರು ಜಿಲ್ಲೆಯ ಒಂದು ಹೋಬಳಿ ಊರಿನಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿರುವವನು ನಾನು. ಹದಿನಾಲ್ಕು ವರ್ಷದಿಂದ ಊರಮ್ಮನ ಹಬ್ಬದ ಜಮಾಖರ್ಚು ಬರೆಯುವ ಕೆಲಸ ನನ್ನದು. ನಾನು ಓದಿದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲೇ ಮಗಳು ಈಗ ಆರನೇ ತರಗತಿ ಓದುತ್ತಿದ್ದಾಳೆ, ಹಾಗಾಗಿ ಎಸ್‌ಡಿಎಂಸಿಯಲ್ಲೂ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲೂ ಇದ್ದೇನೆ. ಶಾಲೆಯ ಲೆಕ್ಕ ಮುಗಿಯುವುದು ಮಾರ್ಚ್ 31ಕ್ಕೆ, ಹಬ್ಬದ್ದು ಯುಗಾದಿ ಕಳೆದ ಮೇಲೆ. ಎರಡೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ನನ್ನ ಕಣ್ಣ ಮುಂದೆ ಬರುತ್ತವೆ.

ಹಬ್ಬದ ಲೆಕ್ಕ ಹೇಗೆ ನಡೆಯುತ್ತದೆಂದು ನಿಮಗೂ ಗೊತ್ತು, ನೀವೂ ಹಳ್ಳಿಯವರೇ. ಮನೆಗಿಷ್ಟು ಎಂದು ವರಾಡ ಎತ್ತುತ್ತೇವೆ. ಕೊಡಲಾಗದವರು ತೆಂಗಿನಕಾಯಿ ಕೊಡುತ್ತಾರೆ, ಇಲ್ಲವೇ ಒಂದು ದಿನದ ಆಳು ಬರುತ್ತಾರೆ. ಹಬ್ಬ ಮುಗಿದ ಒಂಬತ್ತನೇ ದಿನ ಸಂಜೆ ಊರೆಲ್ಲ ಸೇರಿದಾಗ ನಾನು ಪುಸ್ತಕ ಬಿಚ್ಚಿ ಓದುತ್ತೇನೆ. ಸೋಮನ ಕುಣಿತದವರಿಗೆ ಎಷ್ಟು, ಹಲಗೆಯವರಿಗೆ ಎಷ್ಟು, ತೇರಿನ ಹಗ್ಗಕ್ಕೆ, ಗಾಲಿಗೆ ಹಚ್ಚುವ ಹರಳೆಣ್ಣೆಗೆ, ಪಂಜಿನ ಎಣ್ಣೆಗೆ ಎಷ್ಟು, ಎಲ್ಲವನ್ನೂ. ಒಂದು ವರ್ಷ ಹರಳೆಣ್ಣೆಯ ಬಾಬ್ತಿನಲ್ಲಿ ಲೆಕ್ಕ ಕೂಡಿಬರಲಿಲ್ಲ. ಕಾಯಿ ಸುಲಿಯುವ ಕೆಲಸದ ಅಜ್ಜಿಯೊಬ್ಬರು ಎದ್ದು, "ಎಣ್ಣೆ ನಾಕು ಲೀಟ್ರು ತಂದಿದ್ದು, ನೀನು ಐದು ಓದಿದೆಯಲ್ಲಪ್ಪ" ಅಂದರು. ಅವರು ಹೇಳಿದ್ದೇ ಸರಿ. ಅಲ್ಲೇ ತಿದ್ದಿ, ತಿದ್ದಿದ್ದನ್ನು ಮತ್ತೆ ಓದಿದೆ. ಯಾರೂ ಅಜ್ಜಿಯನ್ನು ಸುಮ್ಮನಿರು ಅನ್ನಲಿಲ್ಲ. ಕೊಟ್ಟವರಿಗೆ ಕೇಳುವ ಹಕ್ಕಿದೆ ಅನ್ನುವುದು ನಮ್ಮೂರಲ್ಲಿ ಯಾವ ಕಾಯ್ದೆ ಓದಿ ಕಲಿತದ್ದಲ್ಲ.

ಈಗ ಶಾಲೆಯ ಪುಸ್ತಕಕ್ಕೆ ಬರುತ್ತೇನೆ. ಸಮಗ್ರ ಶಿಕ್ಷಣ ಎಂಬ ಸರ್ಕಾರಿ ಯೋಜನೆಯ ಶಾಲಾ ಅನುದಾನ ಮಕ್ಕಳ ತಲೆ ಎಣಿಕೆಯ ಮೇಲೆ ನಿಂತಿದೆ. 101ರಿಂದ 250 ಮಕ್ಕಳಿದ್ದರೆ ವರ್ಷಕ್ಕೆ 50,000 ರೂಪಾಯಿ, 31ರಿಂದ 100 ಇದ್ದರೆ 25,000. ನಮ್ಮಲ್ಲಿ ಒಂದು ಕಾಲಕ್ಕೆ 140 ಮಕ್ಕಳಿದ್ದರು, ಈಗ 96. ಮಕ್ಕಳು ಮೂರರಲ್ಲಿ ಒಂದು ಪಾಲು ಕಡಿಮೆಯಾದರು, ದುಡ್ಡು ಅರ್ಧಕ್ಕೆ ಇಳಿಯಿತು. ಸೋರುವ ಹೆಂಚು ಅಷ್ಟೇ ಇದೆ. ಕೊಠಡಿ, ಶೌಚಾಲಯ, ಕಿಟಕಿ ಯಾವುದೂ ಕಡಿಮೆಯಾಗಲಿಲ್ಲ. ಈ ಅನುದಾನದಲ್ಲಿ ಕನಿಷ್ಠ ಶೇ 10ರಷ್ಟನ್ನು ಸ್ವಚ್ಛತೆಗೆ ಇಡಬೇಕು. 25,000ದಲ್ಲಿ ಅದು 2,500. ದಿನಕ್ಕೆ ಏಳು ರೂಪಾಯಿಯೂ ಬೀಳುವುದಿಲ್ಲ. ಅಷ್ಟರಲ್ಲಿ ಹೆಣ್ಣುಮಕ್ಕಳು ಧೈರ್ಯವಾಗಿ ಹೋಗಿಬರುವಂಥ ಶೌಚಾಲಯ ಇಟ್ಟುಕೊಳ್ಳಿ ಎಂದು ಯಾವ ಬಾಯಲ್ಲಿ ಹೇಳುವುದು?

ಮೊಟ್ಟೆಯದೂ ಹಾಗೇ. 2024ರಲ್ಲಿ ಶಾಲೆಯ ಬಿಸಿಯೂಟದ ಜೊತೆ ವಾರಕ್ಕೆ ಆರು ದಿನ ಮೊಟ್ಟೆ ಎಂದಾದಾಗ ನಮ್ಮ ಮಕ್ಕಳಿಗಿಂತ ನಮಗೇ ಹೆಚ್ಚು ಸಂತೋಷವಾಯಿತು. ಒಂದು ಮೊಟ್ಟೆಗೆ ಗೊತ್ತುಮಾಡಿದ್ದು 6 ರೂಪಾಯಿ. ಬೇಯಿಸುವ ಖರ್ಚು, ಸಿಪ್ಪೆ ಸುಲಿಯುವ ಕೂಲಿ ಎಲ್ಲ ಅದರೊಳಗೇ. ಅಂಗಡಿಯವನಾದ ನನಗೆ ಮೊಟ್ಟೆಯ ರೇಟು ಯಾವ ತಿಂಗಳು ಎಷ್ಟು ಏರುತ್ತದೆಂದು ಗೊತ್ತು. ಏರಿದ ತಿಂಗಳು ಮುಖ್ಯ ಶಿಕ್ಷಕಿ ತಮ್ಮ ಸಂಬಳದಿಂದ ತುಂಬಿದರು. ಈ ವಿಷಯ ಊರಿಗೆ ಗೊತ್ತೇ ಆಗಲಿಲ್ಲ. ಗೊತ್ತಾಗಿದ್ದರೆ ಹಬ್ಬಕ್ಕೆ ಕಾಯಿ ಕೊಟ್ಟ ಕೈ ಶಾಲೆಗೂ ಏನಾದರೂ ಕೊಡುತ್ತಿತ್ತು.

ಊರಿಗೆ ಗೊತ್ತಾಗದ್ದು ಇನ್ನೊಂದಿದೆ, ಅದು ನೋವಿನದು. 2001ರಲ್ಲಿ ವಿಜ್ಞಾನಿ ರಾಜಾ ರಾಮಣ್ಣನವರ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇಲೆ ಸರ್ಕಾರ ಎಸ್‌ಡಿಎಂಸಿ ಮಾಡಿದ್ದು ಶಾಲೆ ಪೋಷಕರ ಕೈಗೆ ಬರಲಿ ಎಂದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮು ಅನುದಾನದ ಬಳಕೆಯ ಮೇಲೆ ನಿಗಾ ಇಡುವ ಕೆಲಸವನ್ನು ಎಸ್‌ಡಿಎಂಸಿಯಂಥ ಶಾಲಾ ನಿರ್ವಹಣಾ ಸಮಿತಿಗೇ ವಹಿಸಿದೆ. ನಮ್ಮಲ್ಲಿ ಆದದ್ದೇನು? ಅಧ್ಯಕ್ಷರ ಆಯ್ಕೆಗೆ ಎರಡು ಪಕ್ಷದವರೂ ಪಟ್ಟಿ ಹಿಡಿದು ಬಂದರು, ಒಂದು ಪಟ್ಟಿ ನಿಮ್ಮ ಕಡೆಯವರದು. ಗೆದ್ದವರು ಶಾಲೆಯ ಗೇಟಿನಲ್ಲಿ ಪಟಾಕಿ ಹೊಡೆದರು. ಮಕ್ಕಳು ಒಳಗೆ ಪರೀಕ್ಷೆ ಬರೆಯುತ್ತಿದ್ದರು. ಆಮೇಲೆ ಬಣಗಳ ಜಗಳದಲ್ಲಿ ಚೆಕ್ಕಿಗೆ ಎರಡನೇ ಸಹಿ ಬೀಳಲಿಲ್ಲ. ಮಾರ್ಚ್ ಕಳೆಯಿತು, ಉಳಿದ ದುಡ್ಡು ವಾಪಸ್ ಹೋಯಿತು. ಆ ವರ್ಷ ಮಳೆಗಾಲವಿಡೀ ಮೂರನೇ ತರಗತಿಯ ಮಕ್ಕಳನ್ನು ನಲಿಕಲಿ ಕೋಣೆಯಿಂದ ವರಾಂಡಕ್ಕೆ ಎಬ್ಬಿಸಿ ಕೂರಿಸಿದರು. ಆ ಸಮಿತಿಯಲ್ಲಿ ನಾನೂ ಇದ್ದೆ, ತಡೆಯಲು ನನ್ನಿಂದಾಗಲಿಲ್ಲ.

ಇದನ್ನೆಲ್ಲ ನಿಮಗೇ ಏಕೆ ಬರೆಯುತ್ತಿದ್ದೇನೆಂದರೆ, ಹೇಳಿಕೊಳ್ಳಲು ನಡುವೆ ಯಾರೂ ಇಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯತಿಗಳಿಗೆ ನಾವು ವೋಟು ಹಾಕಿದ್ದು 2016ರಲ್ಲಿ. ಆ ಸದಸ್ಯರ ಅವಧಿ 2021ಕ್ಕೆ ಮುಗಿದು, ಅಧಿಕಾರಿಗಳ ಕೈಗೆ ಹೋದ ಆಡಳಿತ ವರ್ಷಗಟ್ಟಲೆ ಅವರ ಕೈಯಲ್ಲೇ ಉಳಿಯಿತು. ಪ್ರಾಥಮಿಕ ಶಾಲೆಯ ಹಣ ಹರಿದುಬರುವ ದಾರಿಯಲ್ಲೇ ನಮ್ಮ ಪ್ರತಿನಿಧಿ ಇಲ್ಲದೆ ಹೋದರೆ ಹೇಗೆ? ಸದನದಲ್ಲಿ ನೀವು ಇದನ್ನು ಒಮ್ಮೆಯಾದರೂ ಗಟ್ಟಿಯಾಗಿ ಕೇಳಬೇಕು.

ನನ್ನ ಕೋರಿಕೆ ಇಷ್ಟು. ಒಂಬತ್ತನೇ ದಿನದ ಸಂಜೆ ಹಬ್ಬದ ಲೆಕ್ಕ ಓದಿ ಮುಗಿದ ಮೇಲೆ ಶಾಲೆಯ ಲೆಕ್ಕವನ್ನೂ ಊರ ಮುಂದೆ ಓದಲಿ. ಬಂದದ್ದು, ಖರ್ಚಾದದ್ದು, ವಾಪಸ್ ಹೋದದ್ದು, ಶಿಕ್ಷಕರು ಕೈಯಿಂದ ಹಾಕಿದ್ದು. ಎಲ್ಲಿ ಓದಬೇಕು ಎನ್ನುವುದನ್ನೂ ಯೋಚಿಸಿದ್ದೇನೆ. ನಮ್ಮ ಸಂಪ್ರದಾಯವೆಲ್ಲ ಚೊಕ್ಕವಾಗಿತ್ತು ಎಂದು ನಾನು ಹೇಳಲಾರೆ. ನಾನು ಚಿಕ್ಕವನಿದ್ದಾಗ ಲೆಕ್ಕ ಓದುತ್ತಿದ್ದದ್ದು ಗುಡಿಯ ಒಳ ಅಂಗಳದಲ್ಲಿ. ಹಲಗೆ ಬಾರಿಸಿದವರು ತಮ್ಮ ಕೂಲಿಯ ಲೆಕ್ಕವನ್ನೇ ಹೊರಗೆ ನಿಂತು ಕೇಳಬೇಕಿತ್ತು. ಹೆಂಗಸರು ಬರುತ್ತಲೇ ಇರಲಿಲ್ಲ. ಅರಳಿಕಟ್ಟೆಗೆ ಬಂದ ಮೇಲೆ ಅಜ್ಜಿಯಂಥವರು ಎದ್ದು ಕೇಳುವಂತಾಯಿತು. ಇನ್ನು ಮುಂದೆ ಶಾಲೆಯ ಮೈದಾನದಲ್ಲಿ ಓದೋಣ. ಅಲ್ಲಿ ಯಾರೂ ಯಾರನ್ನೂ ಹೊರಗೆ ನಿಲ್ಲಿಸಲಾರರು.

ಕಮಾನಿನ ವಿಷಯ. ಶಾಸಕರ ನಿಧಿಯೆಂದು ವರ್ಷಕ್ಕೆ ನಿಮಗೆ ಸಿಗುವ 2 ಕೋಟಿಯಲ್ಲಿ ಇಡೀ ಕ್ಷೇತ್ರ ನೋಡಿಕೊಳ್ಳಬೇಕೆಂಬುದು ಗೊತ್ತು. ಕಮಾನಿಗೆಂದು ನಮ್ಮ ಪಾಲಿಗೆ ತೆಗೆದಿಟ್ಟ ಹಣವನ್ನು ದಯವಿಟ್ಟು ಹೆಂಚಿಗೂ ಶೌಚಾಲಯಕ್ಕೂ ತಿರುಗಿಸಿ. ಎಸ್‌ಡಿಎಂಸಿ ಆಯ್ಕೆಯ ದಿನ ನಿಮ್ಮ ಕಾರ್ಯಕರ್ತರಿಗೆ ಶಾಲೆಯ ಕಡೆ ಹೋಗಬೇಡಿ ಎಂದು ನೀವೇ ಹೇಳಿ. ನೀವು ಹೇಳಿದರೆ ಎದುರು ಪಕ್ಷದವರನ್ನು ಒಪ್ಪಿಸುವ ಹೊಣೆ ನನ್ನದು.

ಲೆಕ್ಕ ಓದುವ ಸಂಜೆ ನೀವೂ ಬನ್ನಿ. ವೇದಿಕೆ ಇರುವುದಿಲ್ಲ, ಜಮಖಾನ ಹಾಸಿರುತ್ತೇವೆ. ಶಾಲೆಯ ಪುಸ್ತಕವನ್ನು ಏಳನೇ ತರಗತಿಯ ಮಕ್ಕಳೇ ಓದಲಿ ಎಂದು ಮುಖ್ಯ ಶಿಕ್ಷಕಿಯವರಲ್ಲಿ ಕೇಳಿದೆ. ಇಲಾಖೆಯಿಂದ ಒಂದು ಸಾಲಿನ ಪತ್ರ ಬಂದರೆ ತಮ್ಮ ಅಡ್ಡಿಯಿಲ್ಲ ಎಂದರು. ಯುಗಾದಿಗೆ ಮುಂಚೆ ಆ ಒಂದು ಸಾಲು ಬರುವಂತೆ ಮಾಡಿಸಿಕೊಡಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ