ಪುಟ್ಟಿಗೆ, ‘ಕ್ವೈಟ್’ ಬಗ್ಗೆ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಇಂಗ್ಲೆಂಡಿನ ಚಳಿ, ಲೀಡ್ಸಿನ ರೂಮಿನ ಬಾಡಿಗೆ, ಅದೆಲ್ಲ ಇರಲಿ. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, ‘ನಮ್ಮ ಗೈಡು ಇಷ್ಟು ದಿನ ನನ್ನನ್ನು ಹೊಗಳಿದ್ದೆಲ್ಲ ಬರೀ ಮರ್ಯಾದೆಗಾ ದೊಡ್ಡಪ್ಪ?’ ಅಂತ. ಅದು ನನ್ನ ನಿದ್ದೆ ಕೆಡಿಸಿದೆ.

ತಪ್ಪು ನನ್ನದೇ. ಇಂಗ್ಲಿಷಿನ ಕ್ವೈಟ್ (quite) ಅಂದರೆ ‘ತುಂಬಾ’ ಅಂತ ಜಗಲಿ ಮೇಲೆ ಕೂರಿಸಿಕೊಂಡು ಹೇಳಿಕೊಟ್ಟವನು ನಾನು. ನಿನಗೊಬ್ಬಳಿಗೇ ಅಲ್ಲ, ಮೂವತ್ತು ವರ್ಷ ಬೋರ್ಡಿನ ಮೇಲೆ ಹಾಗೇ ಬರೆದೆ. ಅದನ್ನು ನಂಬಿ ನೀನು, ಬರೆದುಕೊಟ್ಟ ಹಾಳೆಗಳನ್ನು ಓದಿ ಗೈಡು ‘ಕ್ವೈಟ್ ಗುಡ್’ ಅಂದರು ಎಂದು ಹಿಗ್ಗಿದೆ. ಜೊತೆಯ ಹುಡುಗಿ ‘ಇಲ್ಲಿ ಹಾಗಂದರೆ ಸುಮಾರಾಗಿದೆ ಅಂತ’ ಎಂದು ನಕ್ಕಳು.

ನಿಘಂಟು ಹರಡಿಕೊಂಡು ಕೂತೆ. 14ನೇ ಶತಮಾನದಲ್ಲಿ ಆ ಪದಕ್ಕೆ ‘ಪೂರ್ತಿ’ ಅಂತಲೇ ಅರ್ಥವಿತ್ತು. ಕ್ವೈಟ್ ರೈಟ್, ಕ್ವೈಟ್ ಇಂಪಾಸಿಬಲ್ ಅನ್ನುವಾಗ ಇವತ್ತಿಗೂ ಅದೇ. ‘ತಕ್ಕಮಟ್ಟಿಗೆ’ ಅನ್ನೋದು 19ನೇ ಶತಮಾನದಲ್ಲಿ ಬಂದು ಸೇರಿಕೊಂಡಿದ್ದು. ಗುಡ್, ಕೋಲ್ಡ್ ಥರ ಹೆಚ್ಚು ಕಡಿಮೆ ಆಗಬಲ್ಲ ಪದಗಳ ಮುಂದೆ ಬ್ರಿಟನ್ನಿನವರು ಸಾಮಾನ್ಯವಾಗಿ ಹಾಗೆ ಬಳಸುತ್ತಾರೆ. ಅದೇ ‘ಕ್ವೈಟ್ ಗುಡ್’ ಅಮೆರಿಕದವರ ಬಾಯಲ್ಲಿ ಚೆನ್ನಾಗಿಯೇ ಇದೆ ಅಂತ. ‘ಕ್ವೈಟ್ ಎ ಫ್ಯೂ’ ಅಂದರೆ ಬಹಳಷ್ಟು! ಫ್ಯೂ ಎಲ್ಲಿಗೆ ಹೋಯಿತೋ.

ಭಾರ ಎಲ್ಲಿ ಬಿತ್ತು ಅನ್ನೋದೂ ಇದೆ. ಬ್ರಿಟನ್ನಿನಲ್ಲಿ ‘ಕ್ವೈಟ್’ ಮೇಲೆ ಒತ್ತಿದರೆ ಮನಸ್ಸಿನಲ್ಲಿ ಏನೋ ತಕರಾರಿದೆ ಅಂತ. ‘ಗುಡ್’ ಮೇಲೆ ಒತ್ತಿದರೆ ಮೆಚ್ಚುಗೆ ಜಾಸ್ತಿ. ನಿನ್ನ ಗೈಡು ಯಾವುದರ ಮೇಲೆ ಒತ್ತಿದರು, ನೆನಪಿದೆಯಾ? ನಾನು ಎರಡೂ ಥರ ಹೇಳಿ ನೋಡುತ್ತಿದ್ದೆ. ನಿನ್ನ ದೊಡ್ಡಮ್ಮ ಅಡುಗೆಮನೆಯಿಂದ ‘ಯಾರ ಹತ್ರ ಮಾತಾಡ್ತಿದ್ದೀರಿ?’ ಅಂದಳು.

ನಮ್ಮ ‘ಪರವಾಗಿಲ್ಲ’ವೂ ಹಾಗೇ ಅಲ್ವಾ? ಬಸ್ಸಿನಲ್ಲಿ ಕಾಲು ತುಳಿದವರಿಗೂ ಅದೇ, ಉಪ್ಪು ಕಮ್ಮಿಯಾದ ಸಾರಿಗೂ ಅದೇ, ಹುಬ್ಬೇರಿಸಿ ‘ಪರವಾಗಿಲ್ವೇ!’ ಅಂದರೆ ಭೇಷ್.

ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡನ್ನು ನಿಮ್ಮ ತಾತ ದೀಪದ ಹತ್ತಿರ ಹಿಡಿದು, ಮೇಲಿಂದ ಕೆಳಗೆ ಎರಡು ಸಲ ಓದಿ, ‘ಪರವಾಗಿಲ್ಲ’ ಅಂತ ವಾಪಸು ಕೊಟ್ಟರು. ಅಷ್ಟೇ. ಮೈಸೂರಿಗೆ ಕಾಲೇಜಿಗೆ ಕಳಿಸಿ ಅಂತ ಕೇಳಬೇಕೆಂದಿದ್ದೆ. ಕೇಳಲಿಲ್ಲ. ಇವನ ಕೈಲಿ ಇಷ್ಟೇ ಆಗೋದು ಅಂತ ಅವರು ತೀರ್ಮಾನಿಸಿದ್ದಾರೆ ಅಂದುಕೊಂಡೆ. ಮುಂದೆ ಬಿಎ ಮಾಡಿದ್ದು ಕೆಲಸ ಮಾಡುತ್ತಾ, ಮನೆಯಲ್ಲೇ ಓದಿ. ಹದಿನೈದು ವರ್ಷದ ಮೇಲೆ ಕ್ಷೌರದಂಗಡಿಯಲ್ಲಿ ಗೊತ್ತಾಯಿತು, ಮಾರನೇ ದಿನ ತಾತ ಅಲ್ಲೇ ಕೂತು ಬಂದವರಿಗೆಲ್ಲ ನನ್ನ ಮಾರ್ಕ್ಸು ಹೇಳಿದ್ದರಂತೆ. ‘ಪರವಾಗಿಲ್ಲ ಅಂದರೆ ಏನಪ್ಪ?’ ಅಂತ ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಆ ಮನೆಯಲ್ಲಿ ಯಾರು ಕೇಳುತ್ತಿದ್ದರು, ಬಿಡು.

ನೀನು ಕೇಳಬಹುದೇನೋ. ಅಲ್ಲಿಯ ರೀತಿನೀತಿ ನನಗೇನು ಗೊತ್ತು? ಯಾವ ಭಾಗ ಚೆನ್ನಾಗಿದೆ, ಯಾವುದು ಸಾಲದು ಅಂತ ಒಮ್ಮೆ ಬರೆದು ಕೇಳಿ ನೋಡು. ‘ಸುಮಾರಾಗಿದೆ’ ಅಂತಲೇ ಅಂದಿರಲಿ, ಅದು ಆ ಹಾಳೆಗಳಿಗೆ ಅಂದಿದ್ದು. ಹಿಂದೆ ಹೊಗಳಿದ್ದು ಅದರಿಂದ ಸುಳ್ಳಾಗುತ್ತಾ? ಹೀಗಂತ ಬರೆಯುತ್ತೇನೆ, ನನಗೇ ಇದು ಗೊತ್ತಾಗಲು ಅರ್ಧ ಆಯಸ್ಸು ಬೇಕಾಯಿತು.

ಅಂದ ಹಾಗೆ, ದೊಡ್ಡಮ್ಮ ಕಳಿಸಿದ ಚಟ್ನಿಪುಡಿ ‘ಪರವಾಗಿಲ್ಲ’ ಅಂತ ಬರೆದಿದ್ದೀಯ. ಅವಳು ಅದನ್ನೇ ಹಿಡಿದುಕೊಂಡು ಕೂತಿದ್ದಾಳೆ. ಭಾನುವಾರ ಫೋನ್ ಮಾಡಿದಾಗ ಇನ್ನೊಂದು ಸಲ ಬಾಯಲ್ಲಿ ಹೇಳಬೇಕಂತೆ.

ಇಂತಿ,
ನಿನ್ನ ದೊಡ್ಡಪ್ಪ