ದಾಟಿದರೆ ಮರಳಲಾಗದ ಹೊಸ್ತಿಲು

ಮಾನ್ಯರೇ,

ಹವಾಮಾನ ಬದಲಾವಣೆಯೆಂದರೆ ಬಿಸಿಲು ತುಸು ಹೆಚ್ಚುವುದು, ಮಳೆ ಹಿಂದುಮುಂದಾಗುವುದು ಎಂದಷ್ಟೇ ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ವಿಜ್ಞಾನಿಗಳನ್ನು ಹೆಚ್ಚು ಕಾಡುತ್ತಿರುವುದು, ಒಮ್ಮೆ ದಾಟಿದರೆ ಮರಳಲಾಗದ ಹೊಸ್ತಿಲುಗಳು. ಗ್ರೀನ್‌ಲ್ಯಾಂಡ್‌ನ ಹಿಮದ ಹಾಸು ಕರಗಿದಂತೆಲ್ಲ ಅದರ ಎತ್ತರ ತಗ್ಗುತ್ತದೆ. ತಗ್ಗಿದ ಮೇಲ್ಮೈಗೆ ಕೆಳಸ್ತರದ ಬೆಚ್ಚನೆಯ ಗಾಳಿ ತಾಗಿ ಕರಗುವಿಕೆ ಇನ್ನಷ್ಟು ಚುರುಕಾಗುತ್ತದೆ. ಒಂದು ಹಂತದ ನಂತರ, ತಾಪಮಾನದ ಏರಿಕೆ ನಿಂತರೂ ಈ ಸರಪಳಿ ತುಂಡಾಗುವುದಿಲ್ಲ. ಆ ಹಿಮವೆಲ್ಲ ಕರಗಿದರೆ, ಅದಕ್ಕೆ ಶತಮಾನಗಳೇ ಹಿಡಿದರೂ, ಸಮುದ್ರಮಟ್ಟ ಸುಮಾರು 7 ಮೀಟರ್ ಏರುತ್ತದೆ. 2015ರ ಪ್ಯಾರಿಸ್ ಹವಾಮಾನ ಒಪ್ಪಂದ ಹೇಳಿದ, ಕೈಗಾರಿಕಾ ಯುಗಕ್ಕೆ ಮುಂಚಿನ ಮಟ್ಟಕ್ಕಿಂತ 1.5 ಡಿಗ್ರಿ ಸೆಲ್ಸಿಯಸ್ ಏರಿಕೆಯ ಗಡಿಯನ್ನು 2024ರ ಜಾಗತಿಕ ಸರಾಸರಿ ತಾಪಮಾನ ದಾಟಿದೆ. ದೀರ್ಘಾವಧಿಯ ಸರಾಸರಿ ಇನ್ನೂ ದಾಟಿಲ್ಲವೆಂಬುದಷ್ಟೇ ಸಮಾಧಾನ.

2019ರ ಆಗಸ್ಟ್‌ನಲ್ಲಿ ಘಟಪ್ರಭೆಯ ಮಹಾಪೂರ ಕಂಡ ನಾವು, 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದುದನ್ನೂ ಕಂಡೆವು. ಇವನ್ನು ನೇರವಾಗಿ ಆ ಹೊಸ್ತಿಲುಗಳಿಗೆ ತಳುಕು ಹಾಕುವುದು ತಪ್ಪಾದೀತು. ಆದರೆ ಹೊಳೆಯ ದಂಡೆಯವರಿಗೆ ಅಸ್ಥಿರತೆಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಸರ್ಕಾರ ಪರಿಹಾರಧನ ಹಂಚುವುದಕ್ಕೇ ನಿಲ್ಲದೆ, ಕಲ್ಲಿದ್ದಲಿನ ವಿದ್ಯುತ್ತನ್ನು ಕಡಿಮೆ ಮಾಡುವ ಕಾಲಮಿತಿಯನ್ನು ಪ್ರಕಟಿಸಬೇಕು. ನಮ್ಮ ಪಾಲೂ ಇದೆ: ಕಬ್ಬು ಕಡಿದ ಮೇಲೆ ಉಳಿಯುವ ರವದಿಗೆ (ಒಣ ಗರಿಗೆ) ಬೆಂಕಿ ಹಚ್ಚುವುದನ್ನು ಈ ಹಂಗಾಮಿನಿಂದಲೇ ನಿಲ್ಲಿಸಿ, ಅದನ್ನು ಹೊಲದಲ್ಲೇ ಹೊದಿಕೆಯಾಗಿ ಬಿಡಬಹುದು.

– ಓದುಗ, ಮುಧೋಳ, ಬಾಗಲಕೋಟೆ ಜಿಲ್ಲೆ