ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ: ನಮ್ಮ ವಾರ್ಡಿನ ಅಕ್ಕಂದಿರಿಗೆ, ಬ್ರದರ್‌ಗಳಿಗೆ

ಮೆಡಿಸಿನ್ ವಾರ್ಡಿಗೆ ಹೊಸದಾಗಿ ಸೇರಿದ ನಮ್ಮ ಬ್ಯಾಚಿಗೆ ಈ ಮಳೆಗಾಲಕ್ಕೆ ಒಂದು ವರ್ಷ ತುಂಬಿತು. ಮಂಗಳೂರಿನಲ್ಲಿ ನರ್ಸಿಂಗ್ ಕಾಲೇಜುಗಳಿಗೆ ಬರವಿಲ್ಲ, ಪುಸ್ತಕದ ಪಾಠ ಎಲ್ಲರಿಗೂ ಆಗಿರುತ್ತದೆ. ಆದರೂ ಡ್ಯೂಟಿ ಮುಗಿಸಿ ಮಲಗಿದ ಹೊಸಬರ ನಿದ್ದೆ ಕೆಡಿಸುವ ಯೋಚನೆ ಒಂದೇ: "ನನ್ನ ಕೈಯಿಂದ ಏನಾದರೂ ತಪ್ಪಾಯಿತಾ?" ಹೆದರಬೇಡ ಎಂದು ಬೆನ್ನು ತಟ್ಟಿದರೆ ಈ ಹೆದರಿಕೆ ಹೋಗುವುದಿಲ್ಲ. ತಪ್ಪು ಎಲ್ಲಿ, ಯಾಕೆ ಆಗುತ್ತದೆ ಎಂದು ನೀವು ಪಕ್ಕದಲ್ಲಿ ನಿಂತು ತೋರಿಸಿದಿರಿ. ಈ ಬರಹ ಅದಕ್ಕೆ.

ಮೊದಲ ಧನ್ಯವಾದ ಇನ್ಸುಲಿನ್ ಡ್ರಾಯರಿನ ಹತ್ತಿರ ನಿಲ್ಲಿಸಿ ಹೇಳಿಕೊಟ್ಟವರಿಗೆ. ನಮ್ಮಲ್ಲಿ ವಯಲ್ (ಔಷಧದ ಪುಟ್ಟ ಬಾಟಲಿ) ಹೆಚ್ಚಾಗಿ ಒಂದು ಎಂಎಲ್‌ಗೆ 40 ಯೂನಿಟ್‌ನದು. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಕಿತ್ತಳೆ ಮುಚ್ಚಳದ್ದು 100 ಯೂನಿಟ್‌ನ ಇನ್ಸುಲಿನ್‌ಗೆ. 40ರ ವಯಲ್‌ನಿಂದ ಕಿತ್ತಳೆ ಸಿರಿಂಜ್‌ನಲ್ಲಿ 10ರ ಗೆರೆಯವರೆಗೆ ಎಳೆದರೆ ಬರುವುದು 4 ಯೂನಿಟ್ ಮಾತ್ರ, ಸಕ್ಕರೆ ಇಳಿಯುವುದಿಲ್ಲ. 100ರದ್ದನ್ನು ಕೆಂಪು ಸಿರಿಂಜ್‌ನಲ್ಲಿ ಎಳೆದರೆ ಅದೇ ಗೆರೆಗೆ 25 ಯೂನಿಟ್. ರೋಗಿ ಬೆವರಿ, ನಡುಗಿ, ಎಚ್ಚರ ತಪ್ಪಬಹುದು. ಎಳೆದ ಸಿರಿಂಜನ್ನೂ ವಯಲನ್ನೂ ಒಟ್ಟಿಗೆ ಹಿಡಿದು ಇನ್ನೊಬ್ಬರಿಗೆ ತೋರಿಸು, ಊಟ ನಿಜವಾಗಿ ಬರುತ್ತದಾ ಕೇಳು, ಆಮೇಲೆ ಚುಚ್ಚು.

ಕ್ಯಾನುಲಾದ (ಡ್ರಿಪ್‌ಗೆಂದು ರಕ್ತನಾಳಕ್ಕೆ ಹಾಕುವ ಪ್ಲಾಸ್ಟಿಕ್ ಕೊಳವೆ) ವಿಷಯಕ್ಕೆ ಎರಡು ಪಾಲು ಧನ್ಯವಾದ. ಹಸಿರು 18, ಗುಲಾಬಿ 20, ನೀಲಿ 22, ಹಳದಿ 24 ಗೇಜ್ (ಅಂಕಿ ಏರಿದಷ್ಟು ಕೊಳವೆ ಸಣ್ಣ) ಎನ್ನುವುದು ಕಾಲೇಜಿನಲ್ಲೇ ಬಾಯಿಪಾಠ. ಕೆಲಸ ಕೆಡುವುದು ಬೇರೆ ಕಡೆ. ಸೂಜಿಯ ಹಿಂಬದಿಯಲ್ಲಿ ರಕ್ತ ಕಾಣಿಸಿದ ಕೂಡಲೇ ಖುಷಿಯಲ್ಲಿ ಸೂಜಿ ಹೊರಗೆಳೆದುಬಿಡುತ್ತೇವೆ. ಆಗ ನಾಳದೊಳಗೆ ಇರುವುದು ಸೂಜಿಯ ತುದಿ ಮಾತ್ರ, ಪ್ಲಾಸ್ಟಿಕ್ ಕೊಳವೆಯ ತುದಿ ಇನ್ನೂ ಹೊರಗೇ. ಹಾಗಾಗಿ ಕೋನ ತಗ್ಗಿಸಿ, ಒಂದೆರಡು ಮಿಲಿಮೀಟರ್ ಮುಂದೆ ಹೋಗಿ, ಸೂಜಿಯನ್ನು ಹಾಗೇ ಹಿಡಿದು ಕೊಳವೆಯನ್ನಷ್ಟೇ ಜಾರಿಸಬೇಕು. ನಾಳ ಸಿಗದ ಅಜ್ಜಿಯಂದಿರಿಗೆ ಕೈ ಮಂಚದಿಂದ ಕೆಳಗೆ ಇಳಿಬಿಡು, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಇಡು, ಸ್ಪಿರಿಟ್ ಪೂರ್ತಿ ಆರಲು ಬಿಡು. ಹಸಿ ಇದ್ದರೆ ಉರಿಗೆ ಅವರು ಕೈ ಎಳೆದುಕೊಳ್ಳುತ್ತಾರೆ. ಎರಡು ಸಲ ತಪ್ಪಿದರೆ ಮೂರನೆಯದು ಬೇರೆಯವರ ಕೈ. ಈ ನಿಯಮದಿಂದ ರೋಗಿಗೆ ಎಷ್ಟು ನೆಮ್ಮದಿಯೋ ಚುಚ್ಚುವವರಿಗೂ ಅಷ್ಟೇ. ಕರೆದಾಗ ನಿಮ್ಮಲ್ಲಿ ಯಾರೂ ಮುಖ ಸಿಂಡರಿಸಲಿಲ್ಲ.

ಡ್ರಿಪ್ ಲೆಕ್ಕ: ಒಂದು ಎಂಎಲ್‌ಗೆ 20 ಹನಿ ಬೀಳುವ ಸೆಟ್ ಆದರೆ ಗಂಟೆಯ ಎಂಎಲ್ ಅನ್ನು 3ರಿಂದ ಭಾಗಿಸು, ನಿಮಿಷದ ಹನಿ ಸಿಗುತ್ತದೆ. 500 ಎಂಎಲ್ 8 ಗಂಟೆಗೆ ಅಂದರೆ ನಿಮಿಷಕ್ಕೆ 21 ಹನಿ, 15 ಸೆಕೆಂಡಿಗೆ ಸುಮಾರು 5.

ಜೂನ್, ಜುಲೈಯಲ್ಲಿ ವಾರ್ಡ್ ತುಂಬಾ ಡೆಂಗಿ. ಮನೆಯವರು ಕೇಳುವುದು ಒಂದೇ, ಪ್ಲೇಟ್‌ಲೆಟ್ ಎಷ್ಟಾಯಿತು? ಜ್ವರ ಇಳಿದ ದಿನವೇ ಹೆಚ್ಚು ಕಣ್ಣಿಡಬೇಕು ಎಂದು ಕಲಿಸಿದವರು ನೀವು. ರಕ್ತನಾಳಗಳಿಂದ ನೀರಿನಂಶ ಸೋರುವುದು ಆ ಹೊತ್ತಿಗೇ. ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಏರುತ್ತಿದೆಯಾ, ಹೊಟ್ಟೆನೋವು, ವಾಂತಿ ಇದೆಯಾ, ಕೈಕಾಲು ತಣ್ಣಗಿದೆಯಾ, 60 ಕೆಜಿಯವರಿಗೆ ಗಂಟೆಗೆ 30 ಎಂಎಲ್ ಆದರೂ ಮೂತ್ರ ಬಂದಿದೆಯಾ ನೋಡಬೇಕು. ಬಿಪಿಯ ಮೇಲಿನ, ಕೆಳಗಿನ ಅಂಕಿಗಳ ಅಂತರ 20ಕ್ಕೆ ಬಂದರೆ ಬರೆದಿಟ್ಟು ಕಾಯಬಾರದು, ಆಗಲೇ ಡಾಕ್ಟರಿಗೆ ಫೋನ್.

ಭಾಷೆಯ ಪಾಠ ಯಾವ ಸಿಲೆಬಸ್ಸಿನಲ್ಲೂ ಇಲ್ಲ. ಘಟ್ಟದ ಮೇಲಿನಿಂದ ಬಂದವರಿಗೆ ತುಳುವಿನ ಬಂಜಿ ಬೇನೆ ಅಂದರೆ ಹೊಟ್ಟೆನೋವು, ತಿಗಲೆ ಅಂದರೆ ಎದೆ ಎಂದು ಹೇಳಿಕೊಟ್ಟದ್ದು ನಮ್ಮ ಆಯಾ. ತಿಗಲೆ ಬೇನೆ ಎಂದು ಕಿವಿಗೆ ಬಿದ್ದರೆ ಕೈಲಿದ್ದ ಕೆಲಸ ಬಿಟ್ಟು ಹೋಗಬೇಕು, ಅದನ್ನೂ ಅವರೇ ಹೇಳಿದ್ದು. ಹಾಸಿಗೆಯನ್ನು ಸೊಂಟದ ಎತ್ತರಕ್ಕೆ ಏರಿಸಿ, ಇಬ್ಬರು ಸೇರಿ ಬೆಡ್‌ಶೀಟ್ ಹಿಡಿದು ರೋಗಿಯನ್ನು ಜಾರಿಸುವುದನ್ನು ಕಲಿಸಿದ್ದೂ ಅವರೇ. ಒಬ್ಬರೇ ಬಗ್ಗಿ ಎತ್ತಿದವರ ಸೊಂಟ ವರ್ಷ ತಡೆಯುವುದಿಲ್ಲವಂತೆ.

ಇನ್ನು ಆ ನಿದ್ದೆಯ ವಿಷಯ. ಹ್ಯಾಂಡೋವರ್ (ಮುಂದಿನ ಪಾಳಿಯವರಿಗೆ ರೋಗಿಗಳ ವಿವರ ಒಪ್ಪಿಸುವುದು) ಕೌಂಟರಿನಲ್ಲಿ ಕೂತು ಕೊಟ್ಟರೆ ಮನೆ ಸೇರಿದ ಮೇಲೆ ಏನೋ ಬಿಟ್ಟುಹೋದದ್ದು ನೆನಪಾಗುತ್ತದೆ. ಮಂಚದ ಪಕ್ಕದಲ್ಲೇ ನಿಂತು ತಲೆಯಿಂದ ಕಾಲಿನವರೆಗೆ ಆಕ್ಸಿಜನ್, ಡ್ರಿಪ್, ಯೂರಿನ್ ಬ್ಯಾಗ್, ಬೆನ್ನು ನೋಡುತ್ತಾ ಹೋದರೆ ಬಿಡುವುದು ಕಡಿಮೆ. ಬಿಟ್ಟಿದ್ದರೂ "ಎಷ್ಟೊತ್ತಿಗಾದರೂ ಫೋನ್ ಮಾಡಿ ಹೇಳು, ಬೈಯುವುದಿಲ್ಲ" ಅಂದಿರಿ. ಬೈಯಲೂ ಇಲ್ಲ (ಒಮ್ಮೆ ಬಿಟ್ಟು). ನೈಟ್ ಡ್ಯೂಟಿಗೆ ಮೊದಲು ಮಧ್ಯಾಹ್ನ ಒಂದೂವರೆ ಗಂಟೆ ಮಲಗು, ರಾತ್ರಿ 3 ದಾಟಿದ ಮೇಲೆ ಚಹಾ ಬೇಡ, ಕುಚ್ಚಲಕ್ಕಿ ಗಂಜಿ ಸಾಕು, ಬೆಳಿಗ್ಗೆ ಬಸ್ಸಿನಲ್ಲಿ ಕಪ್ಪು ಕನ್ನಡಕ ಹಾಕು. ಕಂಡಕ್ಟರ್ ನಗುತ್ತಾನೆ, ನಗಲಿ.

ಶನಿವಾರ ಸಂಜೆ ಡ್ಯೂಟಿ ಬದಲಾಗುವ ಹೊತ್ತಿಗೆ ಗೋಳಿಬಜೆ, ಚಟ್ನಿ ನಮ್ಮ ಲೆಕ್ಕದಲ್ಲಿ. ನೈಟ್‌ನವರ ಪಾಲು ಎತ್ತಿಡುತ್ತೇವೆ. ಒಂದು ವರ್ಷದಲ್ಲಿ ನಿಮ್ಮಿಂದ ತೆಗೆದುಕೊಂಡು ಕೊಡದ ಪೆನ್ನುಗಳನ್ನೂ ತರುತ್ತೇವೆ, ಸಿಕ್ಕಷ್ಟು.